ಒಂದು ಲಾರಿಗೆ ಒಬ್ಬನೇ ಡ್ರೈವರ್

ನಾನು ಏನು ಓದಿದ್ದೇನೆ ಎಂದು ಯಾರಾದರೂ ಕೇಳಿದರೆ ಇಂದಿಗೂ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಬಿ.ಬಿ.ಎಂ. ಎನ್ನುವವರೆಗೆ ತೊಂದರೆಯಿಲ್ಲ. ಅದರಲ್ಲಿ ಏನು ಎಂಬ ಎರಡನೆಯ ಪ್ರಶ್ನೆ ಬಂದಾಗ 'ಇನ್‌ಫರ್ಮೇಶನ್ ಸಿಸ್ಟಮ್ಸ್' ಎನ್ನಬೇಕಾಗುತ್ತದೆ. ಡಾಕ್ಟರಿಕೆ ಓದಿದವರ ಮುಂದೆ ಜನ ಕೈಚಾಚಿ ನಾಡಿ ತೋರಿಸುತ್ತಾರೆ, ವಕೀಲಿಕೆ ಓದಿದವರ ಮುಂದೆ ಹೊಲದ ಪತ್ರ ಬಿಚ್ಚುತ್ತಾರೆ. ಮಾಹಿತಿ ವ್ಯವಸ್ಥೆ ಓದಿದವಳ ಮುಂದೆ ಏನು ಇಡಬೇಕೋ ಯಾರಿಗೂ ತಿಳಿಯುವುದಿಲ್ಲ. ಸಿರುಗುಪ್ಪದಲ್ಲಿ ಗಾದಿ ಹೊಲಿಯುವ ನನ್ನ ಅಪ್ಪ ಈ ಕಷ್ಟವನ್ನು ತನ್ನ ಮಟ್ಟಿಗೆ ಬಗೆಹರಿಸಿಕೊಂಡಿದ್ದ. ಅಂಗಡಿಗೆ ಬಂದವರಿಗೆಲ್ಲ, "ನಮ್ಮ ಮುಮ್ತಾಜ್ ಬಳ್ಳಾರ್ಯಾಗ ಕಂಪ್ಯೂಟರ್ ಓದಾಕತ್ಯಾಳ" ಎನ್ನುತ್ತಿದ್ದ. ಹಾಗಾಗಿ ರಜೆಗೆ ಊರಿಗೆ ಹೋದಾಗಲೆಲ್ಲ ಕೆಟ್ಟುಹೋದ ರಿಮೋಟು, ನಿಂತುಹೋದ ಗೋಡೆ ಗಡಿಯಾರ, ಒಮ್ಮೆಯಂತೂ ಒಂದು ಮಿಕ್ಸರ್, ನನ್ನ ಮುಂದೆ ಬಂದು ಕೂತವು. ಮಿಕ್ಸರ್ ತಂದ ಪಕ್ಕದ ಮನೆಯ ಅಜ್ಜಿಗೆ ನನಗೆ ಇದು ಬರುವುದಿಲ್ಲ ಎಂದೆ. "ಹಂಗಾರ ಇಷ್ಟು ದಿನ ಏನ ಕಲ್ತಿ?" ಎಂದಳು. ಅಜ್ಜಿಯ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ನಾನು ಏನೋ ಹೇಳಿ ನಗಿಸಿ ಕಳಿಸಿದೆ. ಏನು ಕಲಿತೆ ಎನ್ನುವುದು ನನಗೆ ತಿಳಿದದ್ದು ಕೊನೆಯ ವರ್ಷದಲ್ಲಿ, ಅದೂ ಕ್ಲಾಸಿನ ಹೊರಗೆ.

ಅದು ಗಣಿಯ ಭರಾಟೆಯ ಕಾಲ. ಬಳ್ಳಾರಿಯಲ್ಲಿ ಆಗ ಬಿಳಿ ಬಟ್ಟೆ ಒಣಹಾಕಿದರೆ ಸಂಜೆಗೆ ಇಟ್ಟಿಗೆ ಬಣ್ಣದ ಬಟ್ಟೆ ಮಡಚಬೇಕಾಗುತ್ತಿತ್ತು. ಅದಿರು ಹೊತ್ತ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದಂತೆ ಹೋಗುತ್ತಿದ್ದವು. ರಸ್ತೆ ದಾಟಲು ನಿಂತವರು ನಿಂತಲ್ಲೇ ಪರಿಚಯವಾಗಿ, ಮಾತಾಡಿ, ಮದುವೆ ಸಂಬಂಧದ ವಿಚಾರದವರೆಗೂ ಹೋಗಬಹುದಿತ್ತು. ನಮ್ಮ ಕಾಲೇಜಿನಲ್ಲಿ ಅರ್ಧ ಹುಡುಗರಿಗೆ ಪಾಸಾಗುವ ಅವಸರವೇ ಇರಲಿಲ್ಲ. ಲಾರಿ ಇದ್ದವನಿಗೆ ಡಿಗ್ರಿ ಏಕೆ ಎನ್ನುತ್ತಿದ್ದರು. ನಮ್ಮ ಮೇಷ್ಟ್ರು ಮಾತ್ರ ಕರಿಹಲಗೆಯ ಮೇಲೆ ಬೀಳುತ್ತಿದ್ದ ಕೆಂಧೂಳನ್ನು ಒರೆಸಿ ಒರೆಸಿ ಪಾಠ ಮಾಡುತ್ತಿದ್ದರು: ಬಿಡಿಬಿಡಿಯಾಗಿ ಬಿದ್ದಿರುವುದು ಡಾಟಾ, ಅದನ್ನು ಆರಿಸಿ, ಅಡಕಮಾಡಿ, ಕೆಲಸಕ್ಕೆ ಬರುವಂತೆ ಜೋಡಿಸಿದರೆ ಮಾಹಿತಿ.

ಮಾಹಿತಿ ಎಂಬ ಪದ ನಮಗೆ ಮರಾಠಿಯ ದಾರಿಯಿಂದ ಬಂದದ್ದೆಂದೂ ಅದರ ಬೇರು ಅರಬ್ಬಿಯಲ್ಲಿದೆಯೆಂದೂ ತಿಳಿದವರು ಹೇಳುತ್ತಾರೆ. ಮೂಲದಲ್ಲಿ ಒಂದು ವಸ್ತು 'ಏನು' ಎಂಬುದರ ತಿರುಳು ಎಂದು ಅದರ ಅರ್ಥವಂತೆ. ದಾಖಲೆ ಎಂಬುದೂ ಹಾಗೆಯೇ ದೂರದಿಂದ ಬಂದ ಪದ. ದಾಖಲ್ ಎಂದರೆ ಒಳಗೆ ಬಂದದ್ದು. ಇವನ್ನೆಲ್ಲ ನಾನು ಆಮೇಲೆ ಕುತೂಹಲಕ್ಕೆ ಹುಡುಕಿಕೊಂಡು ಓದಿದೆ. ಕಾಲೇಜಿನಲ್ಲಿದ್ದಾಗ ಮಾತ್ರ ನನಗೆ ಒಳಗೆ ಬಂದದ್ದರ ಬಗ್ಗೆ ಹೆಮ್ಮೆಯಿತ್ತು, ಹೊರಗೇ ಉಳಿದದ್ದರ ಕಡೆ ಗಮನವಿರಲಿಲ್ಲ.

ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಯಾವುದಾದರೂ ನಿಜವಾದ ವ್ಯಾಪಾರದ ಕಚೇರಿಗೆ ಹೋಗಿ, ಅಲ್ಲಿ ಲೆಕ್ಕಪತ್ರ ಹೇಗೆ ಇಡುತ್ತಾರೆಂದು ನೋಡಿ, ಅದಕ್ಕೊಂದು ಕಂಪ್ಯೂಟರ್ ವ್ಯವಸ್ಥೆ ರೂಪಿಸಬೇಕು. ನಾನು ಕೌಲ್ ಬಜಾರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅವಳ ಗಂಡ, ನನ್ನ ಕಾಕಾ, ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತಿದ್ದ. ಹೀಗಾಗಿ ಆತನಿಗೆ ಲಾರಿ ಮಾಲಕರೆಲ್ಲ ಗೊತ್ತು. ಅವರಲ್ಲೊಬ್ಬರ ಕಚೇರಿ ನಮ್ಮ ಓಣಿಯ ತುದಿಯಲ್ಲೇ ಇತ್ತು. ಮಾಲಕರು ಕುರುಗೋಡಿನ ಕಡೆಯವರು, ಹೊಸದಾಗಿ ಲಾರಿ ಕೊಂಡು ಹೊಸದಾಗಿ ಅವಸರ ಕಲಿತವರು. ಕಾಕಾ ನನ್ನನ್ನು ಕರೆದುಕೊಂಡು ಹೋಗಿ, "ಹುಡುಗಿ ನಿಮ್ಮ ಬುಕ್ಕೆಲ್ಲ ಕಂಪ್ಯೂಟರಿಗೆ ಹಾಕತಾಳಂತ್ರಿ" ಎಂದ. "ಹಾಕ್ಲಿ, ಹಾಕ್ಲಿ. ನಮ್ಮ ಆಚಾರ್ರ ಅಕ್ಷರ ಓದಿ ಓದಿ ನನ್ನ ಕಣ್ಣು ಹೋದವು" ಎಂದರು ಮಾಲಕರು.

ಆಚಾರ್ರು ಆ ಕಚೇರಿಯ ಗುಮಾಸ್ತರು. ಕೋಟೆ ಕೆಳಗಿನ ಓಣಿಯಿಂದ ಬೆಳಿಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ, ಗೋಪಿಚಂದನದ ನಾಮದೊಂದಿಗೆ ನಡೆದು ಬರುತ್ತಿದ್ದರು. ಅವರ ಉದ್ದನೆಯ ರಿಜಿಸ್ಟರಿನಲ್ಲಿ ಲಾರಿ ನಂಬರು, ಯಾವ ಗಣಿ, ಯಾವ ಬಂದರು, ಪರ್ಮಿಟ್ ನಂಬರು ಎಲ್ಲ ಇರುತ್ತಿತ್ತು. ಆದರೆ ಪುಟದ ಅಂಚಿನಲ್ಲಿ ಇರುವೆಸಾಲಿನಂಥ ಇನ್ನೊಂದು ಬರವಣಿಗೆ ಇರುತ್ತಿತ್ತು. 'ಇವನ ಬದಲು ಅವನು ಹೋದ.' 'ಇವನಿಗೆ ಎಡಗಣ್ಣು ಉರಿ, ರಾತ್ರಿ ಓಡಿಸಬಾರದು ಎಂದು ಹೇಳಿದೆ.' 'ಇವನ ಮನೆಗೆ ಫೋನಿಲ್ಲ, ಕಿರಾಣಿ ಅಂಗಡಿಗೆ ಮಾಡುವುದು.' ನಾನು ಅದನ್ನೆಲ್ಲ ನೋಡಿ, ಇದು ಯಾತಕ್ಕೆ ಎಂದು ಕೇಳಿದೆ.

"ಯಾತಕ್ಕೂ ಇಲ್ಲಮ್ಮಾ. ಹೋದವ ಮನುಷ್ಯ ಅಲ್ಲೇನು, ಬರ್ದಿಟ್ಟಿರ್ತೀನಿ" ಎಂದರು.

ನಾನು ನನ್ನ ನೋಟ್‌ಬುಕ್ಕಿನಲ್ಲಿ 'ಅನಗತ್ಯ ಡಾಟಾ' ಎಂದು ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ಎರಡು ತಿಂಗಳು ಕೂತು ಪ್ರೋಗ್ರಾಂ ಮಾಡಿದೆ. ಅದರಲ್ಲಿ ನನಗೆ ಬಹಳ ಇಷ್ಟವಾಗಿದ್ದ ಒಂದು ನಿಯಮವಿತ್ತು. ಒಂದು ಲಾರಿ ನಂಬರಿಗೆ ಒಬ್ಬ ಡ್ರೈವರ್. ಯಾರಾದರೂ ತಪ್ಪಿ ಎರಡನೆಯ ಹೆಸರು ಹಾಕಲು ಹೋದರೆ ತೆರೆಯ ಮೇಲೆ ಕೆಂಪು ಅಕ್ಷರದಲ್ಲಿ 'ಈ ಲಾರಿಗೆ ಡ್ರೈವರ್ ಈಗಾಗಲೇ ಇದ್ದಾರೆ' ಎಂದು ಬರುತ್ತಿತ್ತು. ವಾಕ್ಯ ನನ್ನದೇ. ಮೇಷ್ಟ್ರು ಅದನ್ನು ನೋಡಿ, ತಪ್ಪು ಒಳಗೆ ಬರದಂತೆ ಬಾಗಿಲು ಹಾಕಿದ್ದೀ, ಚೆನ್ನಾಗಿದೆ ಎಂದರು. ಮಾಲಕರಿಗೆ ಇನ್ನೂ ಹೆಚ್ಚು ಖುಷಿಯಾಯಿತು. ಒಂದು ಬಟನ್ ಒತ್ತಿದರೆ ಯಾವ ಲಾರಿ ಎಲ್ಲಿ ಎಂದು ಅಚ್ಚಾಗಿ ಬರುವುದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ರಿಜಿಸ್ಟರ್ ಅಟ್ಟ ಸೇರಿತು. ಆಚಾರ್ರನ್ನು ಪರ್ಮಿಟ್ ಕೆಲಸಕ್ಕೆಂದು ಹೊರಗೆ ಓಡಾಡಲು ಹಚ್ಚಿದರು. ಆ ವಯಸ್ಸಿನಲ್ಲಿ ಅವರು ಬಿಸಿಲಲ್ಲಿ ಕೊಡೆ ಹಿಡಿದು ಹೊಸಪೇಟೆ ಬಸ್ಸಿಗೆ ಹೋಗುವುದನ್ನು ನೋಡಿದಾಗ ನನಗೆ ಒಂದಿಷ್ಟು ಮುಜುಗರವಾಗುತ್ತಿತ್ತು. ಒಂದಿಷ್ಟೇ. ಕಾಲೇಜು ಮುಗಿಸಿ ಸಂಜೆ ಎರಡು ತಾಸು ಅವರ ಕುರ್ಚಿಯಲ್ಲಿ ಕೂತು ನಾನೇ ಡಾಟಾ ತುಂಬುತ್ತಿದ್ದೆ. ಕುರ್ಚಿ ಹಿತವಾಗಿತ್ತು.

ಒಂದು ಸಂಜೆ ಕಿಟಕಿಯ ಬಳಿ ಒಬ್ಬ ಡ್ರೈವರ್ ಬಂದು ನಿಂತ. ಈರಣ್ಣ ಅಂತ, ನಮ್ಮ ಸಿರುಗುಪ್ಪದವನೇ. ಕೆನ್ನೆಯ ಮೇಲೆ ಅದಿರಿನ ಧೂಳು ಬೆವರಿಗೆ ಕಲೆತು ಗೆರೆಗಳಾಗಿದ್ದವು.

"ತಂಗೀ, ಬಂದರಿಗೆ ಹೋಗೋ ಗಾಡಿ ಈ ಸಲ ನಾ ಒಯ್ಯಾಕತ್ತೀನಿ. ಹೊನ್ನೂರಪ್ಪಗ ಹೊಟ್ಟಿನೋವು ಹತ್ತೈತಿ, ದವಾಖಾನ್ಯಾಗ ಬಾಟ್ಲಿ ಏರ್ಸ್ಯಾರ. ಬರಕೋ."

ಹೊನ್ನೂರಪ್ಪ ಕುರುಗೋಡಿನವನು, ಆ ಲಾರಿಯ ಖಾಯಂ ಡ್ರೈವರ್. ನಾನು ಈರಣ್ಣನ ಹೆಸರು ಬಡಿದೆ. ಕೆಂಪು ಅಕ್ಷರ ಬಂತು. ಇನ್ನೊಮ್ಮೆ ಬಡಿದೆ. ಮತ್ತೆ ಬಂತು. ಅದನ್ನು ಸರಿಪಡಿಸಬೇಕಾದರೆ ಪ್ರೋಗ್ರಾಮಿನೊಳಗಿನ ಇಡೀ ಪಟ್ಟಿಯನ್ನೇ ಬಿಚ್ಚಬೇಕು. ಮರುದಿನ ನನಗೆ ಲ್ಯಾಬ್ ಟೆಸ್ಟ್ ಇತ್ತು. ಈರಣ್ಣ ಕಿಟಕಿಯ ಸರಳು ಹಿಡಿದು ಕಾಯುತ್ತಿದ್ದ.

"ಬರ್ಕೊಂಡಿ ಏನವಾ?"

"ಹೂಂ ಅಣ್ಣಾ, ಆತು. ಹೋಗ್ರಿ" ಎಂದೆ.

ಅವನು ಹೋದ. ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು. ನನ್ನ ವ್ಯವಸ್ಥೆಗೆ ಚೀಟಿ ಅಂಟಿಸುವುದೆಂದರೆ ನನಗೆ ಅವಮಾನವೆನಿಸಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮರೆತೆ ಎಂದೇ ಹೇಳುತ್ತ ಬಂದಿದ್ದೇನೆ. ಮರೆತಿರಲಿಲ್ಲ.

ಮರುದಿನ ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಜವಾನ ಬಂದು, ನಿಮ್ಮ ಮನೆಯವರು ಗೇಟಿನ ಹತ್ತಿರ ಬಂದಿದ್ದಾರೆ ಎಂದ. ಕಾಕಾ ಸೈಕಲ್ ಹಿಡಿದು ನಿಂತಿದ್ದ.

"ಘಟ್ಟದಾಗ ನಮ್ಮ ಓಣಿ ಮಾಲಕರ ಗಾಡಿ ಬಿದ್ದೈತಂತ. ಹೊನ್ನೂರಪ್ಪ ಹೋಗಿಬಿಟ್ಟ. ಪೊಲೀಸರು ನಂಬರ್ ಹೇಳ್ಯಾರ, ಮಾಲಕರು ನಿನ್ನ ಕಂಪ್ಯೂಟರ್‌ನ್ಯಾಗ ನೋಡಿ ಹೆಸರು ಕಳಿಸ್ಯಾರ. ಕುರುಗೋಡಿಗೂ ಫೋನ್ ಮಾಡ್ಯಾರ" ಎಂದ.

ಕಾಕಾ ದುಃಖದ ಸುದ್ದಿ ಹೇಳಲು ಬಂದಿದ್ದ. ಅದರೊಳಗಿದ್ದ ಇನ್ನೊಂದು ಸುದ್ದಿ ನನಗೊಬ್ಬಳಿಗೇ ತಿಳಿದಿತ್ತು. "ಹೊನ್ನೂರಪ್ಪ ಅಲ್ಲ ಕಾಕಾ" ಎಂದೆ. ಅವನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಕಚೇರಿಗೆ ಓಡಿದಾಗ ಮಾಲಕರು ಫೋನಿನಲ್ಲಿದ್ದರು, ಆಚಾರ್ರು ಆಗಷ್ಟೇ ಹೊರಗಿನಿಂದ ಬಂದು ಕೊಡೆ ಮಡಚುತ್ತಿದ್ದರು. ನಾನು ನಡೆದದ್ದನ್ನು ಹೇಳಿದೆ. ಮಾಲಕರು ಅಚ್ಚಾದ ಹಾಳೆಯನ್ನು ನನ್ನ ಮುಂದೆ ಹಿಡಿದು, "ಇದರಾಗ ಹೊನ್ನೂರಪ್ಪ ಅಂತನ ಐತೆಲ್ಲ" ಎಂದರು. ನಾನು ಬರೆದದ್ದನ್ನು ನನಗೇ ಸಾಕ್ಷಿಯಾಗಿ ತೋರಿಸುತ್ತಿದ್ದರು. ಆಚಾರ್ರು ನನ್ನನ್ನೇನೂ ಕೇಳಲಿಲ್ಲ. "ಜೀಪು ತೆಗೀರಿ. ಮೊದ್ಲು ಕುರುಗೋಡಿಗೆ ಹೋಗೋಣ. ಈಕೀನೂ ಬರ್ಲಿ" ಎಂದಷ್ಟೇ ಹೇಳಿದರು.

ಕುರುಗೋಡಿನ ಆ ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಹೊನ್ನೂರಪ್ಪನ ಹೆಂಡತಿಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಯಾರೋ ಅವಳ ಬಳೆಗಳ ಬಗ್ಗೆ ಮಾತಾಡುತ್ತಿದ್ದರು. ಆಚಾರ್ರು ನೆಟ್ಟಗೆ ಅವಳ ಬಳಿ ಹೋಗಿ, "ತಡೀವಾ, ನಿನ್ನ ಗಂಡ ಆ ಲಾರಿಯೊಳಗ ಇರ್ಲಿಲ್ಲ. ದವಾಖಾನ್ಯಾಗ ಇದ್ದಾನ" ಎಂದರು. ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳುವ ಸುಳ್ಳೆಂದುಕೊಂಡಳು. ಸಾವಿನ ಸುದ್ದಿಯನ್ನು ಒಂದೇ ಮಾತಿಗೆ ನಂಬಿದವಳು ಬದುಕಿದ ಸುದ್ದಿಗೆ ನೂರು ಪ್ರಶ್ನೆ ಕೇಳಿದಳು. ಯಾವ ದವಾಖಾನೆ, ಏನಾಗಿತ್ತು, ಯಾರು ನೋಡಿದರು, ನನಗೇಕೆ ಹೇಳಲಿಲ್ಲ. ಕೊನೆಗೆ, "ಮತ್ತ ಗಾಡ್ಯಾಗ ಇದ್ದಾವ ಯಾರು?" ಎಂದಳು. ಆಚಾರ್ರು ನನ್ನ ಕಡೆ ನೋಡಿದರು.

ನಾನು ಉತ್ತರ ಹೇಳುವ ಮೊದಲೇ ಓಣಿಯ ತುದಿಯಲ್ಲಿ ಗದ್ದಲವಾಯಿತು. ಹೊನ್ನೂರಪ್ಪ ಬಳ್ಳಾರಿ ಬಸ್ಸಿಳಿದು ಬರುತ್ತಿದ್ದ. ಕೈಯ ಮೇಲೆ ಸೂಜಿ ಚುಚ್ಚಿದಲ್ಲಿ ಹತ್ತಿಯ ಉಂಡೆಗೆ ಪಟ್ಟಿ ಅಂಟಿಸಿದ್ದರು. ತನ್ನ ಮನೆಯ ಮುಂದೆ ಜನ ಕಂಡು ಅವನ ನಡಿಗೆ ನಿಧಾನವಾಯಿತು. "ಯಾಕ್ರಿ, ಯಾರಿಗೇನಾತು?" ಎಂದು ಎದುರು ಬಂದವನನ್ನು ಕೇಳಿದ. ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದ. ಹೆಂಡತಿ ಬಿಡಿಸಿಕೊಂಡು ಓಡಿಬಂದು ಅವನ ಎದೆಗೆ ಎರಡೂ ಕೈಯಿಂದ ಹೊಡೆದಳು. ಹೊಡೆಯುತ್ತಲೇ ಇದ್ದಳು. ಅಕ್ಕಪಕ್ಕದವರಲ್ಲಿ ಕೆಲವರು ನಕ್ಕರು, ಕೆಲವರು ಅತ್ತರು. ಅಷ್ಟು ಹೊತ್ತಿಗೆ ಅವನಿಗೆ ವಿಷಯ ಒಂದೊಂದಾಗಿ ತಿಳಿಯಿತು. ಹೆಂಡತಿಯ ಕೈಗಳನ್ನು ಹಿಡಿದು ಪಕ್ಕಕ್ಕೆ ಸರಿಸಿ, ಕಟ್ಟೆಯ ಮೇಲೆ ಕೂತ.

"ನಾ ಹೋಗು ಅಂದಿದ್ದಕ್ಕ ಹೋದ. ಈರಣ್ಣ" ಎಂದ.

ಅಲ್ಲಿಂದ ಸಿರುಗುಪ್ಪಕ್ಕೆ ಹೋಗಬೇಕಿತ್ತು. ಹೊನ್ನೂರಪ್ಪನೂ ಜೀಪು ಹತ್ತಿದ. ದಾರಿಯಲ್ಲಿ ಭತ್ತದ ಗದ್ದೆಗಳು ಹಸಿರಾಗಿ ನಿಂತಿದ್ದವು; ಕಾಲುವೆಯಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು. ನಾನು ನೂರು ಸಲ ನೋಡಿದ ದಾರಿ. ಅದು ಅಂದು ಇನ್ನೂ ಉದ್ದವಾಗಲಿ ಎನಿಸುತ್ತಿತ್ತು. ಊರು ಬಂದಾಗ, ಮೊದಲು ನಮ್ಮ ಅಂಗಡಿಗೆ ಹೋಗೋಣ ಎಂದು ನಾನೇ ಕೇಳಿಕೊಂಡೆ. ಅಪ್ಪ ಹತ್ತಿಯ ನಡುವೆ ಕೂತಿದ್ದ, ಹುಬ್ಬಿನ ಮೇಲೂ ಹತ್ತಿ. ಬೇರೆ ಯಾರಿಗೂ ಹೇಳದ ಚೀಟಿಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಎದ್ದು, ಬಟ್ಟೆ ಝಾಡಿಸಿ, ಟೋಪಿ ಇಟ್ಟುಕೊಂಡು, "ಈರಣ್ಣನ ಮನಿ ನಂಗೊತ್ತು, ನಡಿ" ಎಂದ. ನಡೆಯುತ್ತ ಒಂದೇ ಮಾತು ಹೇಳಿದ. "ಹೇಳೂದು ನೀನ ಹೇಳ್ಬೇಕು. ನಾ ಬಾಜೂಕ ನಿಂದ್ರತೀನಿ."

ಈರಣ್ಣನ ಹೆಂಡತಿಯ ಹೆಸರು ಗಂಗಮ್ಮ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆ ಮನೆಗೆ ಇನ್ನೂ ಯಾವ ಸುದ್ದಿಯೂ ಬಂದಿರಲಿಲ್ಲ. ಮೊರ ಕೆಳಗಿಟ್ಟು, "ಬರ್ರಿ, ಕುಂದರ್ರಿ" ಎಂದಳು. ನಾನು ಹೇಳಿದೆ. ಹೇಗೆ ಹೇಳಿದೆ ಎಂಬುದು ನೆನಪಿಲ್ಲ. ಅವಳು ಕೂಗಾಡಲಿಲ್ಲ. ಒಳಗಿನಿಂದ ಮೈದುನ ಓಡಿಬಂದ, ನೆರೆಯವರು ಬಂದರು, ಅಳು ಅವರಿಂದ ಶುರುವಾಯಿತು. ಗಂಗಮ್ಮ ನನ್ನನ್ನೇ ನೋಡುತ್ತಿದ್ದಳು.

"ತಾನ ಹೋಗಾಕತ್ತೀನಂತ ನಿನಗ ಹೇಳಿದ್ನೇನು?"

"ಹೇಳಿದ್ರು."

"ಬರಕೋ ಅಂದ್ನೇನು?"

"ಅಂದ್ರು."

ಮುಂದಿನ ಪ್ರಶ್ನೆ ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಹೆಣವನ್ನು ಹೊನ್ನೂರಪ್ಪನ ಹೆಸರಿನಲ್ಲಿ ಇಟ್ಟಿದ್ದರು. ಪೊಲೀಸರ ಕಾಗದಗಳಲ್ಲೆಲ್ಲ ಅದೇ ಹೆಸರು. ಈರಣ್ಣನ ಮನೆಯವರು ಹೋಗಿ ಕೇಳಿದರೆ ಕೊಡುವುದಿಲ್ಲ, ಲಾರಿ ಮಾಲಕರಿಂದ ಬರಹದಲ್ಲಿ ಬರಬೇಕು ಎಂದು ಫೋನಿನಲ್ಲಿ ಹೇಳಿದರು. ಮಾಲಕರು ಹಿಂಜರಿದರು. ಒಮ್ಮೆ ಕಳಿಸಿದ ಹೆಸರನ್ನು ತಪ್ಪೆಂದು ಬರೆದುಕೊಟ್ಟರೆ, ಇನ್ನೇನು ತಪ್ಪು ಬರೆದಿದ್ದೀರಿ ಎಂದು ಪರ್ಮಿಟ್ಟುಗಳನ್ನೆಲ್ಲ ತೆಗೆದು ನೋಡುವ ಕಾಲ ಅದು. "ಬಾಯಿಮಾತಿನ್ಯಾಗ ಹೇಳೋಣ ತಡೀರಿ" ಎಂದು ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಹೊನ್ನೂರಪ್ಪ ಮತ್ತು ಈರಣ್ಣನ ತಮ್ಮ ಬಾಗಿಲಲ್ಲಿ ನಿಂತಿದ್ದರು.

ಆಚಾರ್ರು ತಮ್ಮ ಹಳೆಯ ಕುರ್ಚಿಯಲ್ಲಿ ಕೂತರು. ಕಚೇರಿಯ ಹೆಸರಿದ್ದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟು, "ಬರೀಮ್ಮಾ, ನಡದದ್ದನ್ನ ನಡದ್ಹಾಂಗ" ಎಂದರು. ನಾನು ಬರೆದೆ. ಅಂದು ಲಾರಿ ಒಯ್ದವರು ಸಿರುಗುಪ್ಪದ ಈರಣ್ಣ. ಹೊರಡುವ ಮೊದಲು ತಮ್ಮ ಹೆಸರು ತಿಳಿಸಿದ್ದರು. ನಾನು ರೂಪಿಸಿದ ವ್ಯವಸ್ಥೆಯಲ್ಲಿ ಅದನ್ನು ಬರೆಯಲು ಜಾಗ ಇರಲಿಲ್ಲ, ಆದ್ದರಿಂದ ತಪ್ಪು ಹೆಸರು ಹೋಗಿದೆ, ತಪ್ಪು ನನ್ನದು. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಇಡೀ ಡಿಗ್ರಿಯಲ್ಲಿ ನಾನು ಬರೆದ ಅತ್ಯಂತ ಚಿಕ್ಕ ಉತ್ತರ ಅದೇ ಇರಬೇಕು.

ಮಾಲಕರು ಅದನ್ನು ಓದಿದರು. "ಕಾಲೇಜಿನವರು ನೋಡಿದ್ರ ನಿನ್ನ ಪ್ರಾಜೆಕ್ಟ್ ಏನಾಗ್ತೈತಿ ಗೊತ್ತೈತೇನು?" ಎಂದರು.

"ಗೊತ್ತೈತ್ರಿ" ಎಂದೆ. ಗೊತ್ತಿರಲಿಲ್ಲ.

ಆಗ ಬಾಗಿಲಲ್ಲಿದ್ದ ಹೊನ್ನೂರಪ್ಪ ಒಳಗೆ ಬಂದ. "ಸಾವ್ಕಾರ್ರ, ನನ್ನ ಹೆಸರಿನ್ಯಾಗ ಅವನ್ನ ಮಲಗಿಸ್ಯಾರ. ನಾ ಇಲ್ಲಿ ನಿಂತೀನಿ. ಸಿಕ್ಕಾ ಹಾಕ್ರಿ" ಎಂದ. ದನಿ ಏರಿಸಿರಲಿಲ್ಲ. ಮಾಲಕರು ಸಹಿ ಮಾಡಿ ಸೀಲು ಒತ್ತಿದರು. ಆ ಕಾಗದ ಹಿಡಿದು ಹೊನ್ನೂರಪ್ಪನೇ ಹೋದ. ತನ್ನ ಹೆಸರಿನ ಕೆಳಗೆ ಮಲಗಿದ್ದವನನ್ನು ಇವನು ಈರಣ್ಣ ಎಂದು ಗುರುತಿಸಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪಕ್ಕೆ ಕರೆತಂದ.

ನಾನು ಪ್ರೋಗ್ರಾಂ ಬಿಚ್ಚಿದೆ. ಪ್ರತಿ ಸಲ ಹೋದವರು ಯಾರು ಎಂದು ಬೇರೆಯಾಗಿ ಬರೆಯುವಂತೆ ಮಾಡಿದೆ. ಅದರ ಪಕ್ಕ ಒಂದು ದೊಡ್ಡ ಖಾಲಿ ಜಾಗ ಬಿಟ್ಟೆ, ಏನು ಬೇಕಾದರೂ ಬರೆಯಬಹುದು, ಯಾವ ಕೆಂಪು ಅಕ್ಷರವೂ ಬರುವುದಿಲ್ಲ. ಆಚಾರ್ರನ್ನು ಮಾಲಕರು ಮತ್ತೆ ಕುರ್ಚಿಗೆ ಕರೆದರು. ಕೀಬೋರ್ಡಿನ ಮೇಲೆ ಒಂದೊಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, ಆ ಖಾಲಿ ಜಾಗ ತುಂಬುವುದನ್ನು ಅವರು ಕಲಿತರು. ಪ್ರಾಜೆಕ್ಟಿನ ವೈವಾದಲ್ಲಿ, ಚೀಟಿಯ ಮಾತೊಂದನ್ನು ಬಿಟ್ಟು, ನಾನು ನಡೆದದ್ದೆಲ್ಲ ಹೇಳಿದೆ. ಹೊರಗಿನಿಂದ ಬಂದ ಪರೀಕ್ಷಕರು, ಇದು ಸಿಲಬಸ್ಸಿನಲ್ಲಿಲ್ಲ ಎಂದರು. ಸಾಧಾರಣ ಅಂಕ ಬಂತು. ನಮ್ಮ ಮೇಷ್ಟ್ರು ಮಾತ್ರ ಮುಂದಿನ ವರ್ಷದ ಕ್ಲಾಸಿನಲ್ಲಿ, ಪಾಠ ಶುರುಮಾಡುವ ಮೊದಲು, ಒಂದು ಲಾರಿಗೆ ಎಷ್ಟು ಡ್ರೈವರ್ ಎಂದು ಕೇಳುತ್ತಿದ್ದರಂತೆ.

ಭರಾಟೆ ಇಳಿಯಿತು. ಲಾರಿಗಳು ಒಂದೊಂದಾಗಿ ನಿಂತವು, ಆ ಕಚೇರಿಯ ಜಾಗದಲ್ಲಿ ಈಗ ಜೀನ್ಸ್ ಹೊಲಿಯುತ್ತಾರೆ. ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ವಿಭಾಗದಲ್ಲಿದ್ದೇನೆ. ಬಂದವರು ಸಾಲಿನಲ್ಲಿ ನಿಂತು ಏನೇನೋ ಹೇಳುತ್ತಾರೆ. ಕೇಳದೆ ಹೇಳುವುದೇ ಹೆಚ್ಚು. ಹಿಂದೆ ನಿಂತವರು ಬೇಗ ಬೇಗ ಎನ್ನುತ್ತಾರೆ. ನಾನು ನಿಧಾನ ಎಂದು ಹೆಸರು ಪಡೆದಿದ್ದೇನೆ. ಆ ಹೆಸರು ತಪ್ಪಲ್ಲ.

ಗಂಗಮ್ಮ ಒಮ್ಮೆ ಬಂದಿದ್ದಳು. ನನ್ನ ಪರೀಕ್ಷೆ ಮುಗಿದು ಕೆಲವು ದಿನಗಳಾಗಿದ್ದವು. ಕೌಲ್ ಬಜಾರಿನ ಮನೆಯ ಬಾಗಿಲಲ್ಲಿ ನಿಂತು, ಮಡಚಿ ಮಡಚಿ ಗೆರೆಬಿದ್ದ ಒಂದು ಹಾಳೆಯನ್ನು ಸೆರಗಿನಿಂದ ಬಿಚ್ಚಿದಳು. ಅಂದು ಕಚೇರಿಯಲ್ಲಿ ನಾನು ಬರೆದ ಕಾಗದದ ಜೆರಾಕ್ಸ್. ಹೊನ್ನೂರಪ್ಪ ಅವಳಿಗೆ ಕೊಟ್ಟಿದ್ದನಂತೆ.

"ನಂಗ ಓದಾಕ ಬರಂಗಿಲ್ಲ. ಏನ ಬರ್ದಿ, ಓದು" ಎಂದಳು.

ಚಿಕ್ಕಮ್ಮ ಚಾಪೆ ಹಾಸಿದಳು, ಅವಳು ಕೂರಲಿಲ್ಲ. ನಾನು ನಿಂತೇ ಓದಿದೆ. ಈರಣ್ಣನ ಹೆಸರು ಬಂದ ಸಾಲನ್ನು ಇನ್ನೊಮ್ಮೆ ಓದಿಸಿದಳು. ನಾನು ಓದಿ ಮುಗಿಸಿ ಹಾಳೆ ಮಡಚಲು ಹೋದಾಗ ಬೆರಳು ಅಡ್ಡ ಇಟ್ಟಳು.

"ಕೆಳಗ ಇನ್ನೂ ಏನೋ ಐತೆಲ್ಲ."

"ಅದು ನನ್ನ ಹೆಸರು."

"ಅದನ್ನೂ ಓದು."

ಓದಿದೆ. ಅವಳು ಕೇಳಿದಳು. ಹಾಳೆಯನ್ನು ತೆಗೆದುಕೊಂಡು ಅದೇ ಗೆರೆಗಳ ಮೇಲೆ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಚಿಕ್ಕಮ್ಮ ಕೊಟ್ಟ ನೀರು ಕುಡಿದಳು. ಸಿರುಗುಪ್ಪದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ನಾನು ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದೆ. ಬೇಡ ಎನ್ನಲಿಲ್ಲ.